ಎರಡೇ ಸುತ್ತು

ನಲವತ್ತು ವರ್ಷ ಕೌಜುಗ ತರಿದಿದ್ದೇನೆ,
ಸ್ವೇಲ್ ಹೊಳೆಯ ಮಗ್ಗುಲಿನ ರೀತ್ ಊರಲ್ಲಿ, ಅಪ್ಪನ ಅಂಗಡಿಯಲ್ಲಿ,
ಸೆಪ್ಟೆಂಬರಿನಿಂದ ಜನವರಿ ಮುಗಿವವರೆಗೆ
ಜೋಡಿ ಜೋಡಿ ತೂಗುಹಾಕಿ,
ಪುಕ್ಕ ಕಿತ್ತು ಚೀಲಕ್ಕೆ ತುಂಬಿ
ಗುರುವಾರದ ಕಸದ ಗಾಡಿಗೆ ಕೊಟ್ಟಿದ್ದೇನೆ.
ಒಂದನ್ನಾದರೂ ಬೆಳಕಿಗೆ ಹಿಡಿದು ನೋಡಿದವನಲ್ಲ.

ವಿನಿಫ್ರೆಡ್ ಪೀಕಾಕ್ ಬಂದವಳು ಮಾಂಸ ಕೇಳಲಿಲ್ಲ.
"ಬೆನ್ನಿನ ಪುಕ್ಕ ಕೊಡು ಸಿರಿಲ್, ಕಂದು ಚುಕ್ಕೆಯದು.
ಎದೆಯ ಬೂದಿಬಣ್ಣದ್ದೂ ನಾಲ್ಕು ಇರಲಿ.
ದುಡ್ಡು ಕೊಡಲ್ಲ. ಬೇಕಾದರೆ ವಿದ್ಯೆ ಕೊಡುತ್ತೇನೆ."
ಎಂಬತ್ತೊಂದು ವಯಸ್ಸು. ಕಣ್ಣ ಮೇಲೆ ಹಾಲಿನ ಪೊರೆ.
ಹದಿನಾಲ್ಕಕ್ಕೇ ಗಾಳದಂಗಡಿಯ ಮಹಡಿಯಲ್ಲಿ
ಡಜನ್ನಿಗಿಷ್ಟು ಎಂದು ನೊಣ ಕಟ್ಟಲು ಕೂತವಳು,
ತಾನಾಗಿ ಒಂದು ಮೀನನ್ನೂ ಹಿಡಿದವಳಲ್ಲ.

ನನ್ನ ಬೆರಳು ನೋಡಬೇಕು ನೀವು:
ನಾನೇ ತುಂಬುವ ಸಾಸೇಜಿಗೂ ಅವಕ್ಕೂ
ಉಗುರಿನಷ್ಟೇ ವ್ಯತ್ಯಾಸ. ಎಡಗೈ ತೋರುಬೆರಳು
ತುದಿಯಲ್ಲಿ ಮೊಂಡು, ಎಪ್ಪತ್ತೊಂಬತ್ತರಲ್ಲಿ ಮೂಳೆಗರಗಸ ತಿಂದದ್ದು.
ಇಂಥ ಕೈಗೆ ಬಾರ್ಲಿ ಕಾಳಿನಷ್ಟು ಗಾಳ.
ಮೊದಲ ದಿನ ಅದು ಹಿಡಿದದ್ದು ನನ್ನನ್ನೇ,
ಹೆಬ್ಬೆರಳ ಮಾಂಸದಲ್ಲಿ. "ಒಳ್ಳೆ ತೂಕದ ಮೀನು" ಎಂದಳು.

ಹಳದಿ ರೇಷ್ಮೆಗೆ ಜೋಡು ಹೊಲಿಯುವವರ ಕರಿಮೇಣ ತಿಕ್ಕು
ಹಳದಿ ಹೋಗಿ ಪಾಚಿ ಬರುವವರೆಗೆ,
ಎಳೆ ಬಿಸಿಲಿಗೆ ಕಲ್ಲಿನಡಿಯಿಂದ ಏಳುವ ಹುಳದ ಮೈಬಣ್ಣ.
ಸುತ್ತು, ಒಂದರ ಮಗ್ಗುಲಿಗೊಂದು, ಮೈಮೇಲೆ ಬೀಳದ ಹಾಗೆ.
ಮೊಲದ ಮೋರೆಯ ತುಪ್ಪಳ ಚಿಟಿಕೆ,
ಅಯ್ಯೋ, ಚಿಟಿಕೆ ಹೆಚ್ಚಾಯಿತು,
ಚಿಟಿಕೆ ಉದುರಿಸಿದ ಮೇಲೆ ಬೆರಳಿಗೆ ಅಂಟಿರುತ್ತಲ್ಲ, ಅಷ್ಟು.
ಆಮೇಲೆ ಪುಕ್ಕ. ಬುಡದ ನಯವೆಲ್ಲ ಸುಲಿದು
ತುದಿ ಸಿಕ್ಕಿಸಿ, ಎರಡು ಸುತ್ತು.
ಎರಡೇ.
"ಮೂರನೆಯದು ಮೀನಿಗಲ್ಲ, ಕೊಳ್ಳುವ ಗಂಡಸರಿಗೆ."

ನನಗೆ ಕೈ ತಡೆಯದು. ತೂಕದ ಮೇಲೊಂದು ತುಣುಕು ಹಾಕಿ
ಹೆಸರು ಮಾಡಿದವನು ನಾನು. ಪುಕ್ಕ ದಟ್ಟವಾಗಿ
ನೊಣ ಹೋಗಿ ಪೊರಕೆಯಾಯಿತು. ಹನ್ನೊಂದು ಪೊರಕೆ.
ಒಂದೊಂದನ್ನೂ ಕೆಳತುಟಿಗೆ ತಾಗಿಸಿ ನೋಡಿ
(ಕಣ್ಣು ಕೈಕೊಟ್ಟ ಮೇಲೆ ತುಟಿಯೇ ಅವಳ ತಕ್ಕಡಿ)
ಬ್ಲೇಡಿನಿಂದ ಸೀಳಿ, ಗಾಳ ಬರಿದು ಮಾಡಿ, ಮುಂದಿಟ್ಟಳು.
ಬೈಯಲಿಲ್ಲ. ಬೈದಿದ್ದರೆ ಬಿಟ್ಟುಬಿಡುತ್ತಿದ್ದೆ.

ಹನ್ನೆರಡನೆಯದನ್ನು ಪಾತ್ರೆ ತೊಳೆವ ತೊಟ್ಟಿಗೆ ಒಯ್ದು
ನಲ್ಲಿ ಸಣ್ಣಗೆ ತಿರುಗಿಸಿ ಧಾರೆಗೆ ಹಿಡಿದಳು.
ಒಣಗಿದ್ದಾಗ ಏನೂ ಅಲ್ಲದ್ದು, ಜೇಬಿನ ಮೂಲೆಯ ಕಸ,
ನೀರು ತಾಗಿದ್ದೇ ಮಡಚಿತು, ಬಿಚ್ಚಿತು, ಮತ್ತೆ ಮಡಚಿತು.
ಸತ್ತ ಹಕ್ಕಿಯ ಬೆನ್ನು ಅದು.
ನಾನೇ ಕರುಳು ತೆಗೆದು, ಕಾಲಿಗೆ ಬೆಲೆಚೀಟಿ ಕಟ್ಟಿದ್ದು
ನಲ್ಲಿಯ ಕೆಳಗೆ ಉಸಿರಾಡುತ್ತಿತ್ತು.
"ಹೇಗೆ ಕಾಣುತ್ತೆ?" ಕೇಳಿದಳು. "ಲಕ್ಷಗಟ್ಟಲೆ ಕಟ್ಟಿದೆ,
ಕಣ್ಣಿದ್ದಾಗ ನೀರಲ್ಲಿ ನೋಡಲು ಪುರುಸೊತ್ತಾಗಲಿಲ್ಲ."
ಹೇಳಹೋದೆ. ಮಾಂಸದಂಗಡಿಯ ಮಾತಲ್ಲಿ
ಅದಕ್ಕೆ ಪದವಿರಲಿಲ್ಲ. ನಲ್ಲಿ ಹರಿಯುತ್ತಲೇ ಇತ್ತು.

ಏಪ್ರಿಲಿನ ಎರಡನೇ ಭಾನುವಾರ. ಕುರಿಮರಿಗಳ ಗದ್ದಲ,
ಸೇತುವೆಯ ಕೆಳಗೆ ಚಹಾ ಬಣ್ಣದ ನೀರು, ಮೊಣಕಾಲು ಮರಗಟ್ಟುವ ಚಳಿ.
ಹಿಂದಿನ ರಾತ್ರಿ ಒಬ್ಬನೇ ಕೂತು ಕಟ್ಟಿದ್ದನ್ನು
ಓರೆಯಾಗಿ ಮೇಲಕ್ಕೆ ಎಸೆದೆ, ತೇಲಬಿಟ್ಟೆ. ದಾರ ನಿಂತಿತು.
ಗುಂಪಿನಲ್ಲಿ ಯಾರೋ ತೋಳು ಮುಟ್ಟಿ
ಕರೆದ ಹಾಗೆ.
ಮುಕ್ಕಾಲು ಪೌಂಡಿನ ಟ್ರೌಟ್, ಹೊಟ್ಟೆಯುದ್ದಕ್ಕೂ ಬೆಣ್ಣೆ.
ಕೈ ತಾನಾಗಿ ಚಾಕು ಹುಡುಕಿತು.
ಬಿಟ್ಟೆ. ಯಾಕೆಂದು ಕೇಳಬೇಡಿ, ಮಾರಿ ಬದುಕುವವನು ನಾನು.

ಸೋಮವಾರ ಆ ನೊಣವನ್ನು ಅವಳ ಅಂಗೈಗಿಟ್ಟೆ.
ಹಲ್ಲು ತಾಗಿ ರೇಷ್ಮೆ ಹರಿದಿತ್ತು, ತುಪ್ಪಳ ಕೆದರಿತ್ತು,
ಪುಕ್ಕದ ನಾಲ್ಕೈದು ಎಳೆ ಉಳಿದಿದ್ದವು.
ತುಟಿಗೆ ತಾಗಿಸಿದಳು. ಬಹಳ ಹೊತ್ತು.
ಹೊರಗೆ ಹಾಲಿನ ಗಾಡಿ ಹಾದುಹೋಯಿತು.
"ಎರಡೂವರೆ ಸುತ್ತು ಹಾಕಿದ್ದೀಯ," ಎಂದಳು.
"ಮೀನು ಮಾಫಿ ಮಾಡಿದೆ. ಕೂರು. ಮೇಣ ತಗೋ."