ಎಂಟು ದಶಾಂಶ ಮೂರು

ಉಮದಿಯ ಕನ್ನಡ ಶಾಲೆಯ ಮಾಳಿಗೆಯ ಮೇಲೆ
ನಸುಕಿನ ನಾಲ್ಕಕ್ಕೆ ಮೂವರು:
ನಾನು, ಒಂಬತ್ತನೇ ಇಯತ್ತೆಯ ಕಸ್ತೂರಿ,
ಮತ್ತೆ ಬೋರ್‌ವೆಲ್ಲಿನ ಕೇಸಿಂಗ್ ಪೈಪು ತೊಟ್ಟ ದುರ್ಬೀನು.

ಅದರ ಕನ್ನಡಿ ಉಜ್ಜಿದವಳು ನಾನೇ.
ಎಣ್ಣೆ ಡ್ರಮ್ಮಿನ ಮೇಲೆ ಗಾಜು, ಗಾಜಿನ ಮೇಲೆ ಗಾಜು,
ನಡುವೆ ನೀರು, ಸಾಣೆಪುಡಿ.
ಒಂದು ಚಳಿಗಾಲವಿಡೀ ಡ್ರಮ್ಮನ್ನು ಸುತ್ತಿದೆ.
ಓಣಿಯವರು ಕೇಳಿದರು,
"ಅಕ್ಕೋರ, ಯಾವ ದೇವರಿಗ್ರಿ ಈ ಹರಕಿ?"

ನಾಲ್ಕು ವರ್ಷದ ಹಿಂದೆ ಹೊರಟ ನೌಕೆಯೊಂದು
ಈ ಧೂಮಕೇತುವಿನ ಪಕ್ಕ ಹಾಯಲಿದೆ.
ಹಾರಿಸಿದವರು ಕೇಳಿಕೊಂಡಿದ್ದಾರೆ:
ಎಷ್ಟು ಬೆಳಕು, ದಿನಾ ನೋಡಿ ಬರೆಯಿರಿ,
ಧೂಳು ಎಷ್ಟೆಂದು ಅದರಿಂದ ಊಹಿಸುತ್ತೇವೆ,
ಎಷ್ಟು ಹತ್ತಿರ ಹೋಗಬಹುದೆಂದು ಆಮೇಲೆ.
ದಿಗಂತಕ್ಕಂಟಿದ ಅದರತ್ತ ಬಾಗಲು
ದೊಡ್ಡ ದುರ್ಬೀನುಗಳ ಸೊಂಟಕ್ಕೆ ಆಗದು.
ನಮ್ಮದು ಇಟ್ಟಿಗೆಯ ಮೇಲಿದೆ, ಎತ್ತ ಬೇಕಾದರೂ ಬಾಗುತ್ತದೆ.

ಲೈನ್‌ಮನ್ ಸಿದರಾಯ ಫೋನ್ ಮಾಡುತ್ತಾನೆ,
"ಓಣಿ ಫ್ಯೂಜ್ ತಗದೀನ್ರಿ. ಹೋಗೈತಿ ಅಂತ ಬರ್ಕೋತೀನಿ.
ಬಾಲಚುಕ್ಕಿ ಮೂಡಿದ್ರ ರಾಜ ಸಾಯ್ತಾನಂತ, ಖರೇ ಏನ್ರಿ?
ನಮ್ಮಲ್ಲಿ ರಾಜ ಯಾರದಾನ, ಬಿಲ್ ಕಟ್ಟಾವರಷ್ಟ."
ಓಣಿ ಆರುತ್ತದೆ. ಗುಡ್ಡದ ಮೇಲೆ
ಗಾಳಿಯಂತ್ರಗಳ ಕೆಂಪು ದೀಪ ಮಾತ್ರ,
ಅದು ಕಣ್ಣನ್ನು ಕೆಡಿಸುವುದಿಲ್ಲ.

ಅಳೆಯುವುದು ಹೀಗೆ. ನಕ್ಷತ್ರ ಚೂಪು, ಧೂಮಕೇತು ಮಸುಕು.
ಮಸುಕನ್ನು ಚೂಪು ಮಾಡುವ ಗಾಜು ಇಲ್ಲ.
ಆದ್ದರಿಂದ ತಿರುಪು ತಿರುವಿ ನಕ್ಷತ್ರವನ್ನೇ ಕೆಡಿಸಬೇಕು,
ಇದರಷ್ಟೇ ಅಗಲ ಉಬ್ಬುವ ತನಕ.
ಆಮೇಲೆ ತೂಗಬೇಕು,
ನೆನಪಿನಲ್ಲಿಟ್ಟುಕೊಂಡ ಮಸುಕಿಗೆದುರು ಈ ಮಸುಕು.
ಎದೆಯ ಸದ್ದು ತಗ್ಗಿರಬೇಕು ಅಷ್ಟು ಹೊತ್ತು.

ಕಸ್ತೂರಿಯ ಜೇಬಿನಲ್ಲಿ ಒಣದ್ರಾಕ್ಷಿ, ಮನೆಯ ಶೆಡ್ಡಿನದು.
ಅಗಿಯುತ್ತ ಹೇಳಿದಳು,
"ಅದೂ ಒಣಗಾಕತ್ತೈತಿ ನೋಡ್ರಿ, ನೀರೆಲ್ಲ ಬಿಟ್ಟು.
ನಮ್ಮ ದ್ರಾಕ್ಷಿಗೆ ನೆಳ್ಳರ ಐತಿ."

ಹದಿಮೂರು ನಸುಕು ಒಂಬತ್ತರ ಆಸುಪಾಸು.
ಹದಿನಾಲ್ಕನೆಯದಕ್ಕೆ ಕಣ್ಣಿಟ್ಟೆ, ತೆಗೆದೆ,
ಸೆರಗಿನಿಂದ ಕಣ್ಣೊರೆಸಿ ಮತ್ತೆ ಇಟ್ಟೆ.
ಇಬ್ಬನಿಯೇ? ನಿದ್ದೆಗೆಟ್ಟ ಭ್ರಮೆಯೇ?
ಏನಾದರೂ ಆಗಲಿ ಎಂದು ಒಳಗೊಳಗೆ
ಇಷ್ಟು ದಿನ ಬೇಡಿಕೊಂಡ ನನ್ನದೇ ಆಸೆಯೇ?

ಒಬ್ಬರ ಅಂಕಿ ಇನ್ನೊಬ್ಬರಿಗೆ ಹೇಳುವಂತಿಲ್ಲ.
ಸುಮ್ಮನೆ ಸರಿದು ನಿಂತೆ. ಅವಳು ನೋಡಿದಳು,
ಮರಾಠಿಯಲ್ಲಿ ಏನೋ ಎಣಿಸಿದಳು,
ಬೆನ್ನು ತಿರುಗಿಸಿ ಪಟ್ಟಿಯಲ್ಲಿ ಬರೆದಳು.
ನನ್ನದು ಎಂಟು ದಶಾಂಶ ಒಂದು. ಅವಳದು ಎಂಟು ದಶಾಂಶ ಮೂರು.
ನಾನು ನನ್ನದನ್ನು ತಿದ್ದಲು ಹೋಗಿ, ತಡೆದೆ.
ಎರಡನ್ನೂ ಕಳಿಸಿದೆವು, ನೀರಿನ ಟಾಕಿ ಹತ್ತಿ,
ಊರಲ್ಲಿ ರೇಂಜು ಸಿಗುವುದು ಅಲ್ಲೊಂದೇ ಕಡೆ.

ಮರುದಿನದಿಂದ ಅಕಾಲದ ಮೋಡ.
ಊರೆಲ್ಲ ತಾಡಪತ್ರಿ ಹೊತ್ತು ಶೆಡ್ಡುಗಳತ್ತ ಓಡಿತು, ನಾವೂ ಓಡಿದೆವು.
ರಾತ್ರಿ ಪಟ್ಟಿಯಲ್ಲಿ ಬರೆದೆ: ಮೋಡ, ಕಾಣಲಿಲ್ಲ.
ಸೊನ್ನೆ ಹಾಕಲು ಹೋದ ಕಸ್ತೂರಿಯ ಕೈ ಹಿಡಿದೆ.
ಈ ಲೆಕ್ಕದಲ್ಲಿ ಅಂಕಿ ಇಳಿದಷ್ಟೂ ಬೆಳಕು ಹೆಚ್ಚು,
ಸೊನ್ನೆಯೆಂದರೆ ಓಣಿಯ ದೀಪದಡಿಯೂ ಕಾಣುವ ಚುಕ್ಕಿ.

ನೌಕೆ ಹಾಯಿತು, ಮೊದಲು ಅಂದುಕೊಂಡದ್ದಕ್ಕಿಂತ ಕೊಂಚ ದೂರದಿಂದ.
ನಮ್ಮ ಅಂಕಿ ನೋಡಿಯೋ, ಬೇರೆ ನೂರು ಜನರದೋ,
ಯಾರೂ ಹೇಳಲಿಲ್ಲ, ನಾವು ಕೇಳಲಿಲ್ಲ.
ಚಿತ್ರ ಬಂತು. ಕಪ್ಪು, ಸುಕ್ಕು, ತೊಟ್ಟಿನ ಕಡೆ ಚಿವುಟಿದಂತೆ.
ಕಸ್ತೂರಿ ಜೇಬಿನಿಂದ ಒಂದು ಕಾಳು ತೆಗೆದು
ಪರದೆಯ ಪಕ್ಕ ಹಿಡಿದಳು, ಏನೂ ಹೇಳದೆ ತಿಂದಳು.
ನೋಡಿದವರ ಪಟ್ಟಿಯ ತಳದಲ್ಲಿ ಊರಿನ ಹೆಸರು ತಪ್ಪಾಗಿತ್ತು.

ಈಗ ಅದು ಹತ್ತೂವರೆ, ದಿನೇ ದಿನೇ ಸಣ್ಣಗೆ.
ಯಾರಿಗೂ ಬೇಕಿಲ್ಲ ಇನ್ನು ಅದರ ಅಳತೆ.
ಮೂರೂವರೆಗೆ ಫೋನು ಬಡಿದುಕೊಂಡಿತು.
"ಅಕ್ಕೋರ, ಕಂಬದ ಹತ್ರ ನಿಂತೀನ್ರಿ,
ನಿಮ್ಮ ಹುಡುಗೀನೂ ಇಲ್ಲೇ ಬಂದ್ ನಿಂತೈತಿ.
ಫ್ಯೂಜ್ ತಗೀಲೋ, ಬ್ಯಾಡೋ?"