ಬಲದಿಂದ

ಸೊಹಾರ್ ಬಂದರಿನ ಹಿಂದೆ, ಗುಜರಿ ಅಂಗಳದಲ್ಲಿ,
ಇಪ್ಪತ್ತಾರು ವರ್ಷ ಕಡಲನ್ನು ಕುಡಿಯುವ ನೀರು ಮಾಡಿ
ಈಗ ತಾನೇ ಬಾಯಾರಿ ಬಿದ್ದ ಬಾಯ್ಲರ್.
ಹೊಟ್ಟೆಯ ಮೇಲೊಂದು ತಗಡು, ತಗಡಿನ ಮೇಲೆ
೭೩೯೩೯೧೩೩.
(ಕೊರೆದದ್ದು ಅರಬಿ ಅಂಕಿಗಳಲ್ಲಿ.
ಪಟ್ಟಿಗೆ ಇಳಿಸುವಾಗ ನನ್ನ ಕೈಯಲ್ಲಿ ಕನ್ನಡವಾಯಿತು.)

ತೂಕ ಬರೆಯುವುದು ನನ್ನ ಕೆಲಸ.
ಅಂಕಿ ಕಂಡರೆ ಒಡೆದು ನೋಡುವುದು ಚಟ,
ಕಡಲೆಕಾಯಿ ಸಿಕ್ಕವನ ಬೆರಳಿನ ಹಾಗೆ.
ಎರಡು? ಇಲ್ಲ. ಮೂರು? ಕೂಡಿದರೆ ಮೂವತ್ತೆಂಟು, ಇಲ್ಲ.
ಏಳು, ಹನ್ನೊಂದು, ಹದಿಮೂರು...
ರಾತ್ರಿ ಪಾಳಿಗಳು ಸವೆದವು, ಕ್ಯಾಲ್ಕುಲೇಟರಿನ ಗುಂಡಿ ಸವೆಯಿತು.
ಎಂಟು ಸಾವಿರದ ಐನೂರ ತೊಂಬತ್ತೆಂಟಕ್ಕೆ ಹೋಗಿ ನಿಂತೆ;
ಅದರಾಚೆ ಹುಡುಕಬೇಕಾಗಿಲ್ಲ, ಅದು ಲೆಕ್ಕದ ನ್ಯಾಯ.
ಒಡೆಯಲಿಲ್ಲ.

ಆ ಬೇಸಿಗೆಯ ಉಪ್ಪುಗಾಳಿ
ತುದಿಯಲ್ಲಿದ್ದ ಒಂದು ಮೂರನ್ನು ತಿಂದು ಹಾಕಿತು.
ಉಳಿದದ್ದನ್ನು ಒಡೆಯಲು ಕೂತೆ. ಇಲ್ಲ.
ಹೆಬ್ಬೆರಳಲ್ಲಿ ಇನ್ನೊಂದು ಮುಚ್ಚಿದೆ. ಇಲ್ಲ. ಮತ್ತೊಂದು.

೭೩೯೩೯೧೩
೭೩೯೩೯೧
೭೩೯೩೯
೭೩೯೩
೭೩೯
೭೩

ಬಾಲ ಕಡಿದಷ್ಟೂ ಬಗ್ಗದ ಪ್ರಾಣಿ.

ಬೆಳೆಸಲು ನೋಡಿದೆ, ಬೆಳೆಯುವುದಿಲ್ಲ.
ಪೂರ್ತಿ ಎಂಟರ ಬಲಕ್ಕೆ ಒಂದನ್ನಿಟ್ಟರೆ ಮೂರು ಬಂದು ಪಾಲು ಕೇಳುತ್ತದೆ,
ಏಳಿಟ್ಟರೆ ಒಂಬತ್ತು, ಐದಿಟ್ಟರೆ ಐದೇ.
ಸಮಸಂಖ್ಯೆಗಳ ಮಾತು ಬಿಡಿ.
ಮೂರಿಟ್ಟರೂ ಒಂಬತ್ತಿಟ್ಟರೂ ಒಡೆಯುತ್ತದಂತೆ;
ಒಡೆಯುವವನು ಯಾರೆಂದು ನನಗಿನ್ನೂ ಸಿಕ್ಕಿಲ್ಲ.
ಸಂಖ್ಯೆಗಳಿಗೆ ಕೊನೆಯಿಲ್ಲ. ಈ ಹಟಕ್ಕೆ ಇಲ್ಲೇ ಕೊನೆ.

ಗ್ಯಾಸ್ ಕಟರ್ ಹಿಡಿದು ಬಂದ ಬೊನಿಫಾಸ್, ಶಿರ್ವದವನು,
ತಗಡಿಗೆ ಎಡದಿಂದ ಬೆಂಕಿ ಇಡಹೊರಟ.
ನಾವು ಓದುವುದೇ ಹಾಗಲ್ಲವೇ.
"ನಿಲ್ಲು ಮಾರಾಯಾ! ಆ ಮೊದಲನೆಯದು ಹೋದರೆ
ಹದಿಮೂರು ಬಂದು ಉಳಿದದ್ದನ್ನೆಲ್ಲ ಹಂಚಿಕೊಂಡುಬಿಡುತ್ತದೆ."
"ಹದಿಮೂರಾ?" ಕಟರ್ ಆರಿಸಿ ಎದೆಯ ಮೇಲೆ
ಶಿಲುಬೆ ಬರೆದುಕೊಂಡ. "ಊಟಕ್ಕೆ ಕೂರಿಸಬಾರದ ಸಂಖ್ಯೆ ಅದು."

ಫೋರ್‌ಮನ್ ನಸ್ರ್ ಬಿನ್ ಖಲ್ಫಾನ್, ಸಿಡುಕ,
ಬಿಸಿಲಲ್ಲಿ ನಮ್ಮ ವಾದ ಕೇಳಿ ಬಂದ,
ತಗಡಿನ ಬಲತುದಿಗೆ ಬೆರಳಿಟ್ಟ:
"ಇಲ್ಲಿಂದ. ಯಾವುದೇ ಬರಹ ಶುರುವಾಗುವುದು ಇಲ್ಲಿಂದ."
ಅವನಿಗೆ ಗಣಿತದ ಗಂಧಗಾಳಿಯಿಲ್ಲ.
ಸರಿಯಾಗಿಯೇ ಹೇಳಿದ.

ಕಿಡಿ ಹಾರಿತು. ಒಂದೊಂದೇ ಅಂಕಿ
ನೀರಿನ ಡಬ್ಬಿಗೆ ಬಿದ್ದು ಚುಂಯ್ ಎಂದಿತು.
ಕೊನೆಯ ಚೂರನ್ನು, ಹತ್ತು ಬೈಸಾ ಬಾಳದ ಗುಜರಿಯನ್ನು,
ತಕ್ಕಡಿಗೆ ಹಾಕದೆ ಜೇಬಿಗೆ ಹಾಕಿದೆ.
ಹದಿನೆಂಟು ವರ್ಷದ ಲೆಕ್ಕದಲ್ಲಿ
ನಾನು ಮಾಡಿದ ಒಂದೇ ಕಳ್ಳತನ.

ಈಗ ಅದು ಮಂಚದ ತಲೆಯ ಕಡೆ, ಗೋಡೆಗೊರಗಿ.
ನಾಲ್ಕೂವರೆಯ ಸೈರನ್ನಿಗೆ ಕಣ್ಣು ಬಿಟ್ಟರೆ
ಮಸಿ ಹಿಡಿದ ಅರಬಿ ಅಂಕಿ,
ಗುಟುಕಿಗೆ ಬಾಯ್ತೆರೆದ ಹಕ್ಕಿಮರಿಯ ಕೊಕ್ಕು.
ತಾನು ಬಿಟ್ಟರೆ ಯಾರಿಗೂ ಒಡೆಯದ್ದು
ನನ್ನ ಮುಖ ನೋಡಿ, ಕನ್ನಡದಲ್ಲಿ ಅನ್ನುತ್ತದೆ:
ಏಳು.