ಬಲೆಯ ಕಣ್ಣು

ಕಾಡ್ ಮೀನು ಬರುವುದು ನಿಂತು ಎಂಟು ವರ್ಷ.
ಶೆಡ್ಡಿನಲ್ಲಿ ಮಡಚಿಟ್ಟ ಬಲೆಗಳನ್ನು
ಈ ಮಾರ್ಚಿನಲ್ಲಿ ಮತ್ತೆ ಹೊರಗೆಳೆದೆವು
ನಾನು, ಎಸ್ಕಿಲ್, ಬೇಕರಿಯ ವಿಬೆಕೆ.
ಹಸಿರು ನೈಲಾನು, ಒಣಗಿದ ಪಾಚಿ, ಎಲ್ಲೋ ಒಂದು ಏಡಿಯ ಕಾಲು.
ಹರಿದಲ್ಲಿ ಹೆಣೆಯುತ್ತ ಕೂತೆವು.
ಈ ಸಲ ಹೋಗುವುದು ಸಮುದ್ರಕ್ಕಲ್ಲ,
ಖೆರ್ಸಾನಿನ ಬೀದಿಗೆ.

ಲಾರಿ ತಂದ ಯಾರೆಮಾ ಹೇಳಿದ:
ಆಸ್ಪತ್ರೆಯಿಂದ ಮಾರ್ಕೆಟ್ಟಿನವರೆಗೆ
ಕಂಬದಿಂದ ಕಂಬಕ್ಕೆ ಚಪ್ಪರದ ಹಾಗೆ ಕಟ್ಟುತ್ತೇವೆ.
ಮೇಲಿಂದ ಬಂದದ್ದು ಸಿಕ್ಕಿಕೊಂಡು ಒದ್ದಾಡುತ್ತದೆ,
ಕೆಳಗೆ ಜನ ಆಲೂಗಡ್ಡೆ ಕೊಳ್ಳುತ್ತಾರೆ.

ಮೊದಲೆಲ್ಲ ಅದನ್ನು ಎಲ್ಲೋ ಕೂತ ಹುಡುಗ ಓಡಿಸುತ್ತಿದ್ದ, ಎಂದ.
ಅವನಿಗೂ ನಿದ್ದೆ ಬರುತ್ತಿತ್ತು.
ಮಂಜು ಬಿದ್ದರೆ ಬೈದುಕೊಂಡು ಹೋಗಿ ಮಲಗುತ್ತಿದ್ದ.
ಅವನ ಊಟದ ಹೊತ್ತು ನಮಗೆ ಗೊತ್ತಿತ್ತು,
ಹನ್ನೆರಡೂವರೆಗೆ ನೀರು ತರಲು ಓಡುತ್ತಿದ್ದೆವು.
ಈಗೀಗ ಕೆಲವಕ್ಕೆ ಹುಡುಗನೇ ಇಲ್ಲವಂತೆ.
ಇನ್ನು ಯಾರ ಊಟದ ಹೊತ್ತಿಗೆ ಕಾಯೋಣ?

ಮೊನ್ನೆ ಗುರುವಾರ ಲೈಬ್ರರಿಯಲ್ಲಿ ಸಭೆ.
ಬಂದರಿನ ಮುಚ್ಚಿದ ಐಸ್ ಫ್ಯಾಕ್ಟರಿಯನ್ನು ಬಾಡಿಗೆಗೆ ಕೇಳಿದ್ದಾರೆ,
ತಾನೇ ನೋಡಿ ತಾನೇ ಆರಿಸುವ ಯಂತ್ರ ಕಟ್ಟುವವರು.
ನಲವತ್ತು ಕೆಲಸ.
ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿ
ತಾನೊಬ್ಬನೇ ಎಂದು ತಿಳಿದು ನಿಲ್ಲಿಸಿದ.
ಎಂಜಿನಿಯರ್ ಒಳ್ಳೆಯ ಹುಡುಗ, ಅಂಗಿಯ ತೋಳು ಮಡಚಿದ್ದ,
ನೂರಕ್ಕೆ ತೊಂಬತ್ತೇಳು ಸರಿ, ಎಂದ.
ಅವರ ಹತ್ತಿರ ಇರುವಾಗ ನಮ್ಮ ಹತ್ತಿರ ಬೇಡವೇ, ಎಂದ.
ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.
ವಿಬೆಕೆ ಎದ್ದು, ಅಂಗೈಯ ಹಿಟ್ಟು ಒರೆಸಿಕೊಳ್ಳುತ್ತ,
ಉಳಿದ ಮೂರರ ಮನೆಯವರು
ಯಾರಿಗೆ ಫೋನ್ ಮಾಡಬೇಕು, ಕೇಳಿದಳು.
ಒಳ್ಳೆಯ ಪ್ರಶ್ನೆ, ಎಂದು ಅವನು ಬರೆದುಕೊಂಡ.
ಕಾಫಿ ಆರಿತ್ತು.

ನಾನೇನೂ ಕೇಳಲಿಲ್ಲ. ಕೇಳುವ ಬಾಯಿ ನನ್ನದಲ್ಲ.
ನಲವತ್ತೊಂದು ವರ್ಷ ಕತ್ತಲಲ್ಲಿ ಬಲೆ ಬಿಟ್ಟು
ಮನೆಗೆ ಬಂದು ಸುಖವಾಗಿ ಮಲಗಿದವನು.
ಬಲೆಯೂ ಯಾರನ್ನೂ ಕೇಳದೆ ಕೊಲ್ಲುತ್ತದೆ.

ಆದರೆ ಬಲೆಗೆ ಕಣ್ಣಿದೆ.
ಅಪ್ಪ ಮೊದಲು ಕಲಿಸಿದ್ದು ಗಂಟಲ್ಲ, ಕಣ್ಣು.
ಮರದ ಅಳತೆಪಟ್ಟಿಗೆ ದಾರ ಸುತ್ತಿ,
ಇಷ್ಟು ಸಣ್ಣದು ಹೋಗಲಿ ಎಂದು
ಒಲೆಯ ಪಕ್ಕ ಕೂತ ಒಬ್ಬ ಮನುಷ್ಯ
ಮೊದಲೇ ತೀರ್ಮಾನಿಸಿದ ತೂತು.
ಬಲೆಯ ಕಣ್ಣು ಕುರುಡು. ಅದರ ಕೆಲಸ ಬಿಡುವುದು.

ಮತ್ತೆ, ಬೆಳಿಗ್ಗೆ ಎಳೆಯಬೇಕು.
ತೊಂಬತ್ತನಾಲ್ಕರ ಫೆಬ್ರವರಿಯಲ್ಲೊಮ್ಮೆ
ಮೇಲೆ ಬಂದದ್ದು ಮೀನಲ್ಲ, ಕಡಲಹಂದಿ,
ಬಾಲಕ್ಕೆ ದಾರ ಬಿಗಿದು, ಉಸಿರಿಗೆ ಮೇಲೆ ಬರಲಾಗದೆ ಸತ್ತದ್ದು.
ಹೊಟ್ಟೆಯಲ್ಲಿ ಮರಿ.
ಎಸ್ಕಿಲ್ ಚಾಕು ಕೊಟ್ಟ. ನಾನೇ ಬಿಡಿಸಿದೆ.
ಬಂದರು ಮುಟ್ಟುವ ತನಕ ಇಬ್ಬರೂ ಮಾತಾಡಲಿಲ್ಲ.
ಮರುವಾರ ಬಲೆ ಬಿಡುವ ಜಾಗ ಬದಲಿಸಿದೆವು.
ಯಾವ ಕಾನೂನೂ ಹೇಳಿರಲಿಲ್ಲ,
ತೋಳಿಗೆ ಆ ತೂಕ ಗೊತ್ತಾಗಿತ್ತು.

ಆ ಯಂತ್ರ ಬಿಟ್ಟವರು
ಬೆಳಿಗ್ಗೆ ಎದ್ದು ಏನನ್ನು ಎಳೆಯುತ್ತಾರೆ?

ನಿನ್ನೆ ಯಾರೆಮಾ ಫೋನ್ ಮಾಡಿದ್ದ.
ಬಲೆ ಚೆನ್ನಾಗಿದೆ, ಕಣ್ಣು ದೊಡ್ಡದಾಯಿತು.
ಈಗ ಬರುವವು ಅಂಗೈಯಷ್ಟೇ.
ಸಣ್ಣ ಕಣ್ಣಿನದು ಹೆಣೆದು ಕೊಡುವಿರಾ?
ಗುಬ್ಬಿಗಳು ಸಿಕ್ಕಿಕೊಳ್ಳುತ್ತವಲ್ಲ, ಎಂದೆ.
ಈಗಲೇ ಸಿಕ್ಕುತ್ತಿವೆ, ಎಂದ.
ಸೊಲೋಮಿಯಾ ಅಂತ ನರ್ಸ್,
ಶಿಫ್ಟ್ ಮುಗಿಸಿ ಏಣಿ ಹತ್ತಿ ಬಿಡಿಸುತ್ತಾಳೆ,
ಅವನ್ನು ಬೈಯುತ್ತಲೇ.

ಅಪ್ಪನ ಅಳತೆಪಟ್ಟಿ ನನ್ನ ಹೆಬ್ಬೆರಳಿಗೆ ಸವೆದು ತಗ್ಗಾಗಿದೆ.
ಅದನ್ನು ಕಿಟಕಿಯ ಮೇಲಿಟ್ಟೆ.
ಹೊಸದನ್ನು ಕೆತ್ತುತ್ತಿದ್ದೇನೆ, ಎರಡು ಬೆರಳಗಲ.
ಕೈ ಒಪ್ಪುತ್ತಿಲ್ಲ, ಅಳತೆ ತಪ್ಪಿ
ಮತ್ತೆ ಮತ್ತೆ ಹಳೆಯದೇ ಆಗುತ್ತಿದೆ.